ಆಸ್ಪತ್ರೆಯಲ್ಲಿ ಫಿಸಿಯೊಥೆರಪಿ: ಹೋಗುವ ಮುಂಚೆ, ಹೋದ ಮೇಲೆ, ಮನೆಗೆ ಬಂದ ಮೇಲೆ

"ಎಷ್ಟು ದಿನ ಕರೆಂಟ್ ತಗೋಬೇಕ್ರಿ?" ಫಿಸಿಯೊಥೆರಪಿ, ಅಂದರೆ ವ್ಯಾಯಾಮದಿಂದ, ಜೊತೆಗೆ ಶಾಖ, ಕರೆಂಟ್ ಯಂತ್ರಗಳಿಂದ ಕೊಡುವ ಚಿಕಿತ್ಸೆಯ ಬಗ್ಗೆ ನಮ್ಮ ಕಲಬುರಗಿ ಕಡೆಯ ಓದುಗರು ಕೇಳುವ ಪ್ರಶ್ನೆಗಳಲ್ಲಿ ಇದಕ್ಕೇ ಮೊದಲ ಜಾಗ. ಅದರ ಬೆನ್ನಿಗೇ ಬರುವವು ಇನ್ನಷ್ಟು. ಡಾಕ್ಟರ ಚೀಟಿ ಇಲ್ಲದೆ ಹೋಗಬಹುದಾ? ವ್ಯಾಯಾಮ ಮಾಡಿದರೆ ನೋವು ಜಾಸ್ತಿ ಆಗ್ತಿದೆ, ಬಿಟ್ಟುಬಿಡಲಾ? ಅಪ್ಪನಿಗೆ ಲಕ್ವಾ ಹೊಡೆದು ತಿಂಗಳಾಯ್ತು, ಮಾಲೀಷು ಸಾಕಾ? ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡುವ ಬದಲು ಎಲ್ಲವನ್ನೂ ಇಲ್ಲಿ ಹಂತ ಹಂತವಾಗಿ ಹೇಳಿಬಿಡುತ್ತೇನೆ.

ಶುರುವಿಗೇ ಒಂದು ಮಾತು. ಫಿಸಿಯೊ ವಿಭಾಗದಲ್ಲಿ ನೀವು ಇರುವುದು ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ. ಉಳಿದ ಹೊತ್ತೆಲ್ಲ ಮನೆಯಲ್ಲಿ, ಹೊಲದಲ್ಲಿ, ಅಂಗಡಿಯಲ್ಲಿ ಇರುತ್ತೀರಿ. ಗುಣ ಆಗುವುದು ಬಹುಪಾಲು ಆ ಹೊತ್ತಿನಲ್ಲೇ. ಹಾಗಾಗಿ ಆಸ್ಪತ್ರೆಯಿಂದ ನೀವು ಕೇಳಿ ಪಡೆಯಬೇಕಾದದ್ದು ಸರಿಯಾದ ಪರೀಕ್ಷೆ, ಒಂದು ಗುರಿ, ಮನೆಯಲ್ಲಿ ಏನು ಮಾಡಬೇಕು ಎಂಬ ಪಾಠ. ಯಂತ್ರ ಇದ್ದರೆ ಇರಲಿ. ಇಲ್ಲದಿದ್ದರೂ ದೊಡ್ಡ ನಷ್ಟ ಇಲ್ಲ.

ಹಂತ 1: ಮೊದಲು ಡಾಕ್ಟರಾ, ಫಿಸಿಯೊನಾ?

ಸೊಂಟನೋವು, ಮೊಳಕಾಲು ಸವೆತ, ಭುಜ ಹಿಡಿದುಕೊಂಡಿರುವುದು, ಮೂಳೆ ಮುರಿದು ಪ್ಲಾಸ್ಟರ್ ಬಿಚ್ಚಿದ ಮೇಲಿನ ಬಿಗಿತ, ಲಕ್ವಾ, ಆಪರೇಷನ್ ಆದ ಮೇಲಿನ ನಿಶ್ಶಕ್ತಿ, ತಡವಾಗಿ ಕುತ್ತಿಗೆ ನಿಲ್ಲಿಸುವ ಮಗು. ಇವೆಲ್ಲ ಫಿಸಿಯೊಥೆರಪಿಗೆ ಬರುವ ತೊಂದರೆಗಳೇ. ಆದರೆ ಕೆಲವು ಲಕ್ಷಣ ಕಂಡರೆ ಫಿಸಿಯೊ ಸರದಿಯಲ್ಲಿ ನಿಲ್ಲಬೇಡಿ:

- ಒಂದು ಕೈಕಾಲು ಇದ್ದಕ್ಕಿದ್ದಂತೆ ಬಿದ್ದುಹೋಗುವುದು, ಬಾಯಿ ವಾಲುವುದು, ಮಾತು ತೊದಲುವುದು. ಇದು ಮೆದುಳಿನ ಹೊಡೆತ, ಅಂದರೆ ನಾವು ಲಕ್ವಾ ಅನ್ನುವುದು. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವ ಸಮಯ ಮೊದಲ ನಾಲ್ಕೂವರೆ ಗಂಟೆ ಮಾತ್ರ. ತಕ್ಷಣ 108ಕ್ಕೆ ಫೋನ್ ಮಾಡಿ. ಲಕ್ಷಣ ಶುರುವಾದ ಸಮಯ ಬರೆದಿಟ್ಟುಕೊಳ್ಳಿ, ಡಾಕ್ಟರು ಮೊದಲು ಕೇಳುವುದೇ ಅದನ್ನು.
- ಸೊಂಟನೋವಿನ ಜೊತೆ ಮೂತ್ರ ಕಟ್ಟುವುದು, ಮಲಮೂತ್ರದ ಹಿಡಿತ ತಪ್ಪುವುದು, ತೊಡೆಸಂದಿಯ ಜಾಗ ಜೋಮು ಹಿಡಿಯುವುದು. ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಅದುಮಿದಾಗ ಹೀಗಾಗುತ್ತದೆ. ಅದೇ ದಿನ ಆಸ್ಪತ್ರೆಗೆ ಹೋಗಬೇಕು.
- ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುವುದು. ಅಲ್ಲಿ ರಕ್ತ ಗಡ್ಡೆ ಕಟ್ಟಿರಬಹುದು. ಎಣ್ಣೆ ಹಚ್ಚಿ ತಿಕ್ಕಲೇಬೇಡಿ.
- ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದರೂ ಕಡಿಮೆ ಆಗದ ಬೆನ್ನುನೋವು. ನಮ್ಮಲ್ಲಿ ಬೆನ್ನುಮೂಳೆಯ ಕ್ಷಯ ಅಪರೂಪ ಅಲ್ಲ. ಮೊದಲು ತಪಾಸಣೆ ಆಗಲಿ.

ಇನ್ನೊಂದು ಎಚ್ಚರಿಕೆ ಮಕ್ಕಳ ತಂದೆತಾಯಿಗೆ. ಮಗು ಬಿದ್ದು ಮೊಳಕೈ ಊದಿಕೊಂಡರೆ ಮಾಲೀಷು ಮಾಡಿಸುವವರು, ಬಿದಿರು ಪಟ್ಟಿ ಇಟ್ಟು ಬಿಗಿಯಾಗಿ ಕಟ್ಟಿಸುವವರು ನಮ್ಮಲ್ಲಿ ಈಗಲೂ ಇದ್ದಾರೆ. ಮೊಳಕೈ ಸುತ್ತ ತಿಕ್ಕಿದರೆ ಮಾಂಸದೊಳಗೇ ಮೂಳೆ ಬೆಳೆದು ಕೈ ಮಡಿಸಲು ಬಾರದಂತೆ ಆಗಬಹುದು. ಬಿಗಿ ಕಟ್ಟಿನಿಂದ ರಕ್ತ ಹರಿಯುವುದು ನಿಂತರೆ ಬೆರಳುಗಳು ಶಾಶ್ವತವಾಗಿ ಮುದುಡುತ್ತವೆ. ಆಮೇಲೆ ಯಾವ ಫಿಸಿಯೊಥೆರಪಿಸ್ಟ್ ಬಂದರೂ ಪೂರ್ತಿ ಸರಿ ಮಾಡುವುದು ಕಷ್ಟ. ಮೊದಲು ಎಕ್ಸ್‌ರೇ ಆಗಲಿ.

ಹಂತ 2: ಎಲ್ಲಿಗೆ ಹೋಗುವುದು, ಖರ್ಚು ಏನು

ಸರ್ಕಾರಿ ಕಡೆ ಮೊದಲು ವಿಚಾರಿಸಬೇಕಾದ ಜಾಗ ಎಂದರೆ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆ. ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್. ಆಳಂದ, ಸೇಡಂ, ಚಿಂಚೋಳಿ, ಜೇವರ್ಗಿ ಕಡೆಯವರು ನೇರ ಕಲಬುರಗಿ ಬಸ್ಸು ಹತ್ತುವ ಮುಂಚೆ ತಾಲೂಕು ಆಸ್ಪತ್ರೆಯಲ್ಲಿ ಫಿಸಿಯೊಥೆರಪಿಸ್ಟ್ ಇದ್ದಾರಾ, ಯಾವ ದಿನ ಇರುತ್ತಾರೆ ಎಂದು ಕೇಳಿಕೊಳ್ಳಿ. ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆ, ಪಾಠ ಮುಗಿಸಿಕೊಂಡು ಮುಂದಿನ ಭೇಟಿಗಳನ್ನು ಹತ್ತಿರದಲ್ಲೇ ಇಟ್ಟುಕೊಂಡರೆ ಮೊಳಕಾಲಿಗೂ ಜೇಬಿಗೂ ಒಳ್ಳೆಯದು.

ವಾಡಿ, ಶಹಾಬಾದ್, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರಲ್ಲಿ ಅನೇಕರಿಗೆ ಇಎಸ್‌ಐ, ಅಂದರೆ ಕಾರ್ಮಿಕರ ವಿಮೆ ಇರುತ್ತದೆ. ಅಂಥವರಿಗೂ ಅವರ ಮನೆಯವರಿಗೂ ಕಲಬುರಗಿಯ ಇಎಸ್‌ಐಸಿ ಆಸ್ಪತ್ರೆ ಇದೆ. ಕಾರ್ಡ್ ಮನೆಯಲ್ಲಿಟ್ಟು ಖಾಸಗಿಗೆ ದುಡ್ಡು ಸುರಿಯುವವರು ಬಹಳ ಜನ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಯೋಜನೆ ಆ ಚಿಕಿತ್ಸೆಗೆ ನಿಗದಿ ಮಾಡಿದ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ಸಿಗುತ್ತದೆ. ಆದರೆ ಈ ಯೋಜನೆ ನಿಗದಿತ ಚಿಕಿತ್ಸೆಗಳ ಪಟ್ಟಿ ಇಟ್ಟುಕೊಂಡು ನಡೆಯುವಂಥದ್ದು. ಆಪರೇಷನ್ ಯೋಜನೆಯಲ್ಲಿ ಆಯಿತು, ಹಾಗಾಗಿ ಆಮೇಲಿನ ದಿನದಿನದ ಫಿಸಿಯೊ ಕೂಡ ಅದರಲ್ಲೇ ಬರುತ್ತದೆ ಎಂದು ಸುಮ್ನೆ ಅಂದುಕೊಳ್ಳಬೇಡಿ. ಆಸ್ಪತ್ರೆಯ ಆರೋಗ್ಯ ಮಿತ್ರ ಕೌಂಟರಿನಲ್ಲಿ ಡಿಸ್ಚಾರ್ಜ್‌ಗೆ ಮುಂಚೆಯೇ ಕೇಳಿ ಖಚಿತ ಮಾಡಿಕೊಳ್ಳಿ.

ಓಡಾಟದ ಖರ್ಚೂ ಸಣ್ಣದಲ್ಲ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ 2023ರ ಜೂನ್‌ನಿಂದ ಟಿಕೆಟ್‌ಗೆ ದುಡ್ಡಿಲ್ಲ, ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆದರೆ ಸಾಕು.

ಖಾಸಗಿಗೆ ಹೋದರೆ, ಮನೆಗೇ ಕರೆಸಿದರೂ ಅಷ್ಟೇ, ಒಂದು ಪ್ರಶ್ನೆ ಕೇಳಲು ನಾಚಿಕೊಳ್ಳಬೇಡಿ: "ನೀವು ಬಿಪಿಟಿ ಮಾಡಿದ್ದೀರಾ?" ಬಿಪಿಟಿ ಎಂದರೆ ಫಿಸಿಯೊಥೆರಪಿ ಪದವಿ, ಎಂಪಿಟಿ ಎಂದರೆ ಅದರ ಮೇಲಿನ ಓದು. ಫಿಸಿಯೊಥೆರಪಿ ಈಗ 2021ರ ರಾಷ್ಟ್ರೀಯ ಕಾಯ್ದೆಯ ಅಡಿ ಬರುವ ವೃತ್ತಿ. ಮಾಲೀಷು ಮಾಡುವವರು, ಕರೆಂಟ್ ಯಂತ್ರ ಕೊಂಡು ಇಟ್ಟುಕೊಂಡವರು ಫಿಸಿಯೊಥೆರಪಿಸ್ಟ್ ಆಗುವುದಿಲ್ಲ.

ಹಂತ 3: ಚೀಲದಲ್ಲಿ ಏನಿರಬೇಕು

ಡಾಕ್ಟರ ಚೀಟಿ ಅಥವಾ ಡಿಸ್ಚಾರ್ಜ್ ಕಾರ್ಡ್, ಎಕ್ಸ್‌ರೇ, ಎಂಆರ್‌ಐ ಮಾಡಿಸಿದ್ದರೆ ಅದರ ರಿಪೋರ್ಟ್, ಈಗ ನುಂಗುತ್ತಿರುವ ಮಾತ್ರೆಗಳ ಖಾಲಿ ಸ್ಟ್ರಿಪ್, ಆಧಾರ್, ರೇಷನ್ ಕಾರ್ಡ್. ಆಸ್ಪತ್ರೆಯೊಳಗೆ ಸಾಮಾನ್ಯವಾಗಿ ಮೂಳೆ, ನರ ಅಥವಾ ಜನರಲ್ ವಿಭಾಗದ ಡಾಕ್ಟರು ಬರೆದುಕೊಟ್ಟ ಮೇಲೇ ಫಿಸಿಯೊ ವಿಭಾಗಕ್ಕೆ ಹೋಗುವ ಕ್ರಮ ಇರುತ್ತದೆ. ಹಾಗಾಗಿ ಓಪಿಡಿ ಚೀಟಿ ಮಾಡಿಸಿ, ಡಾಕ್ಟರನ್ನು ಕಂಡು, ಆಮೇಲೆ ಆ ಕಡೆ ಹೋಗಿ. ಮೊದಲ ದಿನ ಅರ್ಧ ದಿನ ಕೈಬಿಟ್ಟಂತೆಯೇ.

ಬಟ್ಟೆ ಬಗ್ಗೆ ಯಾರೂ ಹೇಳುವುದಿಲ್ಲ. ಮೊಳಕಾಲು ತೊಂದರೆಗೆ ತೊಡೆವರೆಗೆ ಮೇಲೆತ್ತಬಹುದಾದ ಬಟ್ಟೆ ಬೇಕು, ಭುಜದ ತೊಂದರೆಗೆ ತೋಳು ಸಡಿಲ ಇರಬೇಕು. ಸೀರೆ ಉಡುವವರು ಒಳಗೆ ಸಡಿಲ ಪೈಜಾಮ ಹಾಕಿಕೊಂಡು ಹೋದರೆ ಮುಜುಗರ ಅರ್ಧ ಕಡಿಮೆ. ಪರದೆ ಎಳೆಯಿರಿ ಎನ್ನಬಹುದು, ಜೊತೆಗೆ ಮನೆಯವರು ಇರಲಿ ಎನ್ನಬಹುದು, ಮಹಿಳಾ ಥೆರಪಿಸ್ಟ್ ಇದ್ದರೆ ಅವರೇ ನೋಡಲಿ ಎಂದು ಕೇಳಬಹುದು. ಇದನ್ನೆಲ್ಲ ಕೇಳುವುದು ತಪ್ಪಲ್ಲ.

ಮುಟ್ಟಿ ಚಿಕಿತ್ಸೆ ಕೊಡುವ ಮುಂಚೆ ಏನು ಮಾಡುತ್ತೇವೆ ಎಂದು ಹೇಳುವುದು ಅವರ ಕೆಲಸ. ಬೇಡ ಅನ್ನಿಸಿದರೆ ಬೇಡ ಎನ್ನುವುದು ನಿಮ್ಮ ಹಕ್ಕು.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಗಿನ ಸರದಿಯನ್ನೇ ಕೇಳಿ, ನೀರಿನ ಬಾಟಲಿ ಇರಲಿ. ಶುಗರ್ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಹೋಗಿ ವ್ಯಾಯಾಮ ಮಾಡಬೇಡಿ, ಸಕ್ಕರೆ ಇಳಿದು ತಲೆ ತಿರುಗಬಹುದು.

ಹಂತ 4: ಮೊದಲ ದಿನ ಏನಾಗಬೇಕು

ಈ ದಿನಕ್ಕೆ ಬೆಲೆ ಜಾಸ್ತಿ. ಚೀಟಿ ನೋಡಿದ ಕೂಡಲೇ ಮಂಚದ ಮೇಲೆ ಮಲಗಿಸಿ ಯಂತ್ರ ಹಚ್ಚಿ ಹೋದರೆ ಅದು ಸರಿಯಾದ ಶುರು ಅಲ್ಲ. ಮೊದಲು ಮಾತಾಡಿಸಬೇಕು. ನೋವು ಎಲ್ಲಿ, ಯಾವಾಗಿಂದ, ಏನು ಮಾಡಿದರೆ ಜಾಸ್ತಿ, ರಾತ್ರಿ ನಿದ್ದೆ ಬರುತ್ತದಾ, ಕೆಲಸ ಏನು ಎಂದು ಕೇಳಬೇಕು. ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಿ ಎನ್ನುತ್ತಾರೆ. ಸೊನ್ನೆ ಎಂದರೆ ನೋವೇ ಇಲ್ಲ, ಹತ್ತು ಎಂದರೆ ತಡೆಯಲಾಗದ ನೋವು. ಎಲ್ಲದಕ್ಕೂ ಹತ್ತು ಎಂದುಬಿಟ್ಟರೆ ಮುಂದೆ ಕಡಿಮೆಯಾಯಿತೋ ಇಲ್ಲವೋ ಅಳೆಯಲು ಆಗುವುದಿಲ್ಲ. ಸುಮ್ನೆ ಕೂತಾಗ ಎಷ್ಟು, ಮೆಟ್ಟಿಲು ಹತ್ತುವಾಗ ಎಷ್ಟು ಎಂದು ಬೇರೆ ಬೇರೆ ಹೇಳಿ.

ಆಮೇಲೆ ಕೈಯಿಂದ ಪರೀಕ್ಷೆ. ಎರಡು ಪಟ್ಟಿಗಳನ್ನು ನಡುವೆ ತಿರುಪು ಹಾಕಿ ಜೋಡಿಸಿದಂಥ ಅಳತೆಪಟ್ಟಿಯನ್ನು ಮೊಳಕಾಲಿನ ಪಕ್ಕದಲ್ಲಿಟ್ಟು "ಮಡಚ್ರಿ, ಇನ್ನೂ ಸ್ವಲ್ಪ" ಎಂದು ಕೋನ ಓದಿಕೊಳ್ಳುತ್ತಾರೆ. ಅದಕ್ಕೆ ಗೋನಿಯೊಮೀಟರ್ ಎನ್ನುತ್ತಾರೆ. ಸ್ನಾಯುವಿನ ಬಲವನ್ನು ಸೊನ್ನೆಯಿಂದ ಐದರವರೆಗೆ ಬರೆಯುತ್ತಾರೆ. ಮೂರು ಎಂದರೆ ಅಂಗವನ್ನು ತಾನೇ ಎತ್ತಬಲ್ಲರು, ಆದರೆ ಎದುರು ಒತ್ತಿದರೆ ನಿಲ್ಲಿಸಲಾರರು. ಐದು ಎಂದರೆ ಪೂರ್ತಿ ಬಲ. ಈ ಅಂಕಿಗಳನ್ನು ನಿಮ್ಮ ಪುಸ್ತಕದಲ್ಲೂ ಬರೆಸಿಕೊಳ್ಳಿ. "ಇವತ್ತು ಮೊಳಕಾಲು 70 ಡಿಗ್ರಿ ಮಡಚಿತು" ಎಂಬ ಒಂದು ಸಾಲು ಇದ್ದರೆ ಎರಡು ವಾರದ ನಂತರ ನಿಮಗೇ ಉತ್ತರ ಸಿಗುತ್ತದೆ.

ಇವನ್ನು ಮುಚ್ಚಿಡದೆ ಹೇಳಿ: ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿದ್ದು, ಮೈಯಲ್ಲಿ ರಾಡು ಅಥವಾ ಸ್ಕ್ರೂ ಇರುವುದು, ಗರ್ಭಿಣಿ ಆಗಿರುವುದು ಅಥವಾ ಇರಬಹುದೆಂಬ ಅನುಮಾನ, ಹಿಂದೆ ಕ್ಯಾನ್ಸರ್ ಆಗಿದ್ದು, ಮೂರ್ಛೆ ರೋಗ, ಶುಗರ್‌ನಿಂದ ಪಾದ ಜೋಮು ಹಿಡಿದಿರುವುದು, ರಕ್ತ ತೆಳು ಮಾಡುವ ಮಾತ್ರೆ. ಇವುಗಳಲ್ಲಿ ಕೆಲವಕ್ಕೆ ಕಾರಣ ಆರನೇ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 5: ಗುರಿ ನಿಮ್ಮ ಮಾತಲ್ಲಿ ಇರಲಿ

"ನೋವು ಹೋಗಬೇಕು" ಎಂಬುದು ಎಲ್ಲರ ಆಸೆ. ಅದರ ಜೊತೆ ಒಂದು ಕೆಲಸವನ್ನೂ ಹೆಸರಿಸಿ. ತಲೆ ಬಾಚಿಕೊಳ್ಳಬೇಕು. ರೊಟ್ಟಿ ಬಡಿಯಲು ಕೂರಬೇಕು. ತೊಗರಿ ಕೊಯ್ಲಿನ ಹೊತ್ತಿಗೆ ಬಗ್ಗಲು ಆಗಬೇಕು. ಬಸ್ಸಿನ ಮೆಟ್ಟಿಲು ಹತ್ತಬೇಕು. ಥೆರಪಿಸ್ಟ್‌ಗೆ ಇದು ಗೊತ್ತಾದರೆ ವ್ಯಾಯಾಮ ಅದಕ್ಕೆ ತಕ್ಕಂತೆ ಬರುತ್ತದೆ. ಗೊತ್ತಾಗದಿದ್ದರೆ ಎಲ್ಲರಿಗೂ ಕೊಡುವ ಅದೇ ನಾಲ್ಕು ವ್ಯಾಯಾಮ ಸಿಗುತ್ತದೆ.

ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಿ. ಖಚಿತ ತಾರೀಖು ಯಾರೂ ಕೊಡಲಾರರು, ಅಂದಾಜು ಕೊಡಬಲ್ಲರು. ಮೊಳಕಾಲು ಸವೆತಕ್ಕೆ ತೊಡೆ ಬಲಪಡಿಸುವ ವ್ಯಾಯಾಮದ ಫಲ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಹಿಡಿದುಕೊಂಡ ಭುಜ, ಅಂದರೆ ಫ್ರೋಜನ್ ಶೋಲ್ಡರ್, ಹಠದ ಕಾಯಿಲೆ. ಒಂದರಿಂದ ಮೂರು ವರ್ಷವೂ ಎಳೆಯಬಹುದು, ಶುಗರ್ ಇದ್ದವರಿಗೆ ಬರುವುದೂ ಜಾಸ್ತಿ, ಬಿಡುವುದೂ ತಡ. ಲಕ್ವಾದಲ್ಲಿ ಮೊದಲ ಮೂರು ತಿಂಗಳು ಸುಧಾರಣೆ ವೇಗವಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ, ಆದರೆ ಬಾಗಿಲು ಮುಚ್ಚುವುದಿಲ್ಲ. "ಹತ್ತೇ ದಿನದಲ್ಲಿ ನಡೆಸುತ್ತೇನೆ" ಎಂದು ಮುಂಗಡ ಕೇಳುವವರು ಸಿಕ್ಕರೆ ಎದ್ದು ಬನ್ನಿ.

ಹಂತ 6: ಕರೆಂಟ್, ಶಾಖ, ಎಳೆತ

ಈಗ ಮೊದಲ ಪ್ರಶ್ನೆಗೆ ಬರೋಣ. ನಾವು ಕರೆಂಟ್ ಎಂದು ಕರೆಯುವುದು ಒಂದೇ ಯಂತ್ರ ಅಲ್ಲ. ಟೆನ್ಸ್, ಐಎಫ್‌ಟಿ ಎಂಬವು ಚರ್ಮದ ಮೇಲೆ ಪ್ಯಾಡ್ ಅಂಟಿಸಿ ಸಣ್ಣ ವಿದ್ಯುತ್ ಹರಿಸಿ ನೋವಿನ ಅರಿವನ್ನು ತಗ್ಗಿಸುವಂಥವು. ಇರುವೆ ಹರಿದಂತೆ ಜುಮ್ಮೆನ್ನುತ್ತದೆ, ಅಷ್ಟೇ. ನರ ಸತ್ತ ಸ್ನಾಯುವನ್ನು ಕುಣಿಸುವುದು ಇನ್ನೊಂದು ಬಗೆ. ಅಲ್ಟ್ರಾಸೌಂಡ್‌ನಲ್ಲಿ ಜೆಲ್ ಹಚ್ಚಿ ಯಂತ್ರದ ತಲೆಯನ್ನು ಚರ್ಮದ ಮೇಲೆ ಆಡಿಸುತ್ತಾರೆ, ಸ್ಕ್ಯಾನಿಂಗ್ ಅಲ್ಲ ಅದು. ಶಾರ್ಟ್‌ವೇವ್ ಡಯಾಥರ್ಮಿ ಆಳಕ್ಕೆ ಶಾಖ ಕೊಡುವ ದೊಡ್ಡ ಯಂತ್ರ. ಮೇಣದ ಸ್ನಾನ, ಅಂದರೆ ಕರಗಿದ ಮೇಣದಲ್ಲಿ ಕೈ ಅದ್ದಿ ತೆಗೆಯುವುದು, ಬೆರಳುಗಳ ಬಿಗಿತಕ್ಕೆ. ಟ್ರಾಕ್ಷನ್ ಎಂದರೆ ಕುತ್ತಿಗೆ ಅಥವಾ ಸೊಂಟವನ್ನು ಬೆಲ್ಟಿನಿಂದ ಎಳೆಯುವುದು.

ಇವೆಲ್ಲ ಹೆಚ್ಚಾಗಿ ನೋವನ್ನು ಸ್ವಲ್ಪ ಹೊತ್ತು ತಗ್ಗಿಸುತ್ತವೆ. ಆ ಹೊತ್ತಿನಲ್ಲಿ ವ್ಯಾಯಾಮ ಮಾಡಿದರೆ ಲಾಭ, ಮಾಡದೆ ಮನೆಗೆ ಹೋದರೆ ಸಂಜೆಗೆ ನೋವು ವಾಪಸ್. ಸವೆದ ಮೊಳಕಾಲಿನ ಗಾದಿ ಕರೆಂಟಿನಿಂದ ಮತ್ತೆ ಬೆಳೆಯುವುದಿಲ್ಲ. ಆದ್ದರಿಂದ "ಎಷ್ಟು ದಿನ ಕರೆಂಟ್" ಎಂದು ಕೇಳುವ ಬದಲು "ಯಾವ ವ್ಯಾಯಾಮ, ಎಷ್ಟು ಸಲ" ಎಂದು ಕೇಳಿ. ಹತ್ತು ದಿನ ಯಂತ್ರ ಹಚ್ಚಿಯೂ ಒಂದೂ ವ್ಯಾಯಾಮ ಕಲಿಸದಿದ್ದರೆ ನೇರವಾಗಿ ಕೇಳಿಬಿಡಿ, ನನಗೆ ಮನೆಯಲ್ಲಿ ಮಾಡಲು ಏನೂ ಇಲ್ವಾ ಅಂತ.

ಅಪಾಯಗಳೂ ಇವೆ. ಪೇಸ್‌ಮೇಕರ್ ಇದ್ದವರಿಗೆ ಶಾರ್ಟ್‌ವೇವ್ ಯಂತ್ರದ ಹತ್ತಿರ ಇರುವುದೂ ಬೇಡ. ಮೈಯೊಳಗೆ ಲೋಹ ಇದ್ದ ಜಾಗಕ್ಕೆ ಅದರ ಶಾಖ ಕೊಟ್ಟರೆ ಒಳಗೇ ಸುಡಬಹುದು. ಗರ್ಭಿಣಿಯರಿಗೆ ಬೇಡ. ಇನ್ನು ಶುಗರ್‌ನಿಂದ ಪಾದ ಜೋಮು ಹಿಡಿದವರ ಕಥೆ ಬೇರೆ. ಅವರಿಗೆ ಬಿಸಿ ಗೊತ್ತೇ ಆಗುವುದಿಲ್ಲ, ಬೊಬ್ಬೆ ಎದ್ದ ಮೇಲೆ ಗೊತ್ತಾಗುತ್ತದೆ. ಬಿಸಿನೀರಿನ ಚೀಲವೂ ಸೇರಿ ಯಾವ ಶಾಖವೂ ಅವರ ಪಾದಕ್ಕೆ ಸಲ್ಲದು. ಉಳಿದವರಿಗೂ ಶಾಖ ಹಿತವಾಗಿ ಬೆಚ್ಚಗೆ ಇರಬೇಕು, ಚುರುಕು ಅನ್ನಿಸಿದರೆ ತಕ್ಷಣ ಹೇಳಿ. ಜಾಸ್ತಿ ಬಿಸಿ ಇದ್ದರೆ ಜಾಸ್ತಿ ಗುಣ ಎಂದು ಹಲ್ಲು ಕಚ್ಚಿ ಮಲಗುವವರೇ ಸುಟ್ಟುಕೊಳ್ಳುವುದು.

ಮುಖ ಒಂದು ಕಡೆ ವಾಲಿದವರಿಗೆ ಒಂದು ಮಾತು. ಅದು ಮುಖದ ನರದ ಊತ ಇರಬಹುದು, ಮೆದುಳಿನ ಹೊಡೆತವೂ ಇರಬಹುದು. ಡಾಕ್ಟರು ಅದೇ ದಿನ ನೋಡಬೇಕು. ನರದ ಊತಕ್ಕೆ ಕೊಡುವ ಸ್ಟೀರಾಯ್ಡ್ ಮಾತ್ರೆ ಮೊದಲ 72 ಗಂಟೆಯೊಳಗೆ ಶುರುವಾದರೆ ಉಪಯೋಗ ಹೆಚ್ಚು. ಆಮೇಲೆ ಎಲ್ಲರೂ ಕರೆಂಟಿಗೆ ಓಡುತ್ತಾರೆ, ಕಣ್ಣನ್ನು ಮರೆಯುತ್ತಾರೆ. ರೆಪ್ಪೆ ಮುಚ್ಚದ ಕಣ್ಣು ಒಣಗಿ, ಧೂಳು ಬಿದ್ದು ಹುಣ್ಣಾಗುತ್ತದೆ. ಡಾಕ್ಟರು ಹೇಳಿದ ಹನಿ ಹಾಕಿ, ಹಗಲು ಕನ್ನಡಕ, ರಾತ್ರಿ ರೆಪ್ಪೆಗೆ ಮೆತ್ತನೆ ಟೇಪು. ನಮ್ಮ ಧೂಳಿಗೆ ಇದು ಬಹಳ ಮುಖ್ಯ.

ಹಂತ 7: ವ್ಯಾಯಾಮ ಮತ್ತು ನೋವಿನ ಲೆಕ್ಕ

ವ್ಯಾಯಾಮ ಕಲಿಸಿದ ಮೇಲೆ ಥೆರಪಿಸ್ಟ್ ಎದುರಿಗೇ ಒಮ್ಮೆ ನೀವಾಗಿ ಮಾಡಿ ತೋರಿಸಿ. ಅನುಮತಿ ಕೇಳಿ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಎಷ್ಟು ಸಲ, ಎಷ್ಟು ಹೊತ್ತು ಹಿಡಿಯಬೇಕು, ದಿನಕ್ಕೆ ಎಷ್ಟು ಬಾರಿ ಎಂಬ ಮೂರನ್ನೂ ಬರೆಸಿಕೊಳ್ಳಿ. ಓದು ಬಾರದವರಿದ್ದರೆ ಮನೆಯ ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಿ.

ವ್ಯಾಯಾಮ ಮಾಡುವಾಗ ಸ್ವಲ್ಪ ನೋವಾಗುವುದು ಸಹಜ. ಆ ನೋವು ಒಂದೆರಡು ಗಂಟೆಯಲ್ಲಿ ತಗ್ಗಿ, ಮರುದಿನ ಬೆಳಗ್ಗೆ ಮೊದಲಿನಷ್ಟೇ ಇದ್ದರೆ ಮುಂದುವರಿಸಿ. ಮರುದಿನವೂ ಜಾಸ್ತಿಯೇ ಇದ್ದರೆ, ಇಲ್ಲವೇ ಕೀಲು ಊದಿದರೆ, ಎಣಿಕೆಯನ್ನು ಅರ್ಧಕ್ಕೆ ಇಳಿಸಿ ಥೆರಪಿಸ್ಟ್‌ಗೆ ಹೇಳಿ. ಪೂರ್ತಿ ಬಿಟ್ಟುಬಿಡುವುದು ಎಲ್ಲರೂ ಮಾಡುವ ತಪ್ಪು. ಎದೆನೋವು, ಉಸಿರು ಕಟ್ಟುವುದು, ತಲೆ ತಿರುಗುವುದು ಬಂದರೆ ಮಾತ್ರ ಅಲ್ಲಿಗೇ ನಿಲ್ಲಿಸಿ ಡಾಕ್ಟರನ್ನು ಕಾಣಿ.

ಮೊಳಕಾಲು ನೋವಿನವರಿಗೆ ಕೋಲಿನ ವಿಷಯ. ಚಪ್ಪಲಿ ಹಾಕಿ ನೇರ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತದೋ ಕೋಲಿನ ಹಿಡಿ ಅಲ್ಲಿಗೆ ಬರಬೇಕು. ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು. ಬಲ ಮೊಳಕಾಲು ನೋವಾದರೆ ಎಡಗೈಯಲ್ಲಿ. ಬಹಳ ಜನ ನೋವಿನ ಪಕ್ಕದಲ್ಲೇ ಹಿಡಿದು ಇನ್ನಷ್ಟು ವಾಲುತ್ತಾರೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಬಸ್ಸಿಗೂ ಇದೇ ಲೆಕ್ಕ.

ಹಂತ 8: ವಾರ್ಡಿನಲ್ಲಿ ದಾಖಲಾಗಿದ್ದರೆ

ಆಪರೇಷನ್ ಆದವರ ಹತ್ತಿರ ಥೆರಪಿಸ್ಟ್ ಮಂಚಕ್ಕೇ ಬರುತ್ತಾರೆ. "ಇವತ್ತೇ ಏಳಿಸ್ತಾರಾ?" ಎಂದು ಮನೆಯವರು ಗಾಬರಿ ಆಗುವುದುಂಟು. ಮೊಳಕಾಲು ಕೀಲು ಬದಲಿಸಿದವರನ್ನು ಅದೇ ದಿನ ಅಥವಾ ಮರುದಿನ ನಿಲ್ಲಿಸುವುದು ಈಗಿನ ರೂಢಿ. ಮಲಗಿದಷ್ಟೂ ಕಾಲಲ್ಲಿ ರಕ್ತ ಗಡ್ಡೆ ಕಟ್ಟುವ, ಎದೆಯಲ್ಲಿ ಕಫ ಕೂರುವ ಭಯ ಜಾಸ್ತಿ. ಪಾದವನ್ನು ಮೇಲೆ ಕೆಳಗೆ ಆಡಿಸುವ ವ್ಯಾಯಾಮ ಸಣ್ಣದಾಗಿ ಕಂಡರೂ ಅದಕ್ಕಾಗಿಯೇ. ಹಿತ ಎಂದು ಮೊಳಕಾಲ ಕೆಳಗೆ ದಿಂಬು ಇಟ್ಟು ಮಲಗಬೇಡಿ, ಕಾಲು ಮಡಚಿದಂತೆಯೇ ಬಿಗಿಯುತ್ತದೆ. ದಿಂಬು ಹಿಮ್ಮಡಿಯ ಕೆಳಗಿರಲಿ.

ಸೊಂಟದ ಕೀಲು ಬದಲಿಸಿದವರು ನೆಲದ ಮೇಲೆ ಕೂರುವುದು, ಕಾಲ ಮೇಲೆ ಕಾಲು ಹಾಕುವುದು, ಕೆಳಗೆ ಬಿದ್ದದ್ದನ್ನು ಬಗ್ಗಿ ಎತ್ತುವುದು ಮಾಡಬಾರದು. ಎಷ್ಟು ವಾರ ಎಂಬುದು ಆಪರೇಷನ್ ಮಾಡಿದ ರೀತಿಯ ಮೇಲೆ ಇರುವುದರಿಂದ ಸರ್ಜನ್ ಬಾಯಿಂದಲೇ ಕೇಳಿಕೊಳ್ಳಿ. ನಮ್ಮ ಮನೆಗಳಲ್ಲಿ ಊಟ, ಮಲಗುವುದು, ಶೌಚ ಎಲ್ಲ ನೆಲಮಟ್ಟದಲ್ಲೇ ಅಲ್ವಾ? ಡಿಸ್ಚಾರ್ಜ್ ಆಗುವ ಮೊದಲೇ ಎತ್ತರದ ಮಂಚ, ಶೌಚಕ್ಕೆ ಮಧ್ಯೆ ರಂಧ್ರ ಇರುವ ಕಮೋಡ್ ಕುರ್ಚಿ ತಂದಿಡಿ.

ಎದೆ ಅಥವಾ ಹೊಟ್ಟೆ ಆಪರೇಷನ್ ಆದವರಿಗೆ ಮೂರು ಚೆಂಡಿನ ಪ್ಲಾಸ್ಟಿಕ್ ಪೆಟ್ಟಿಗೆ ಕೊಡುತ್ತಾರೆ, ಸ್ಪೈರೊಮೀಟರ್ ಅಂತ. ಅದನ್ನು ಊದಬಾರದು, ಎಳೆಯಬೇಕು. ನೆಟ್ಟಗೆ ಕೂತು ನಿಧಾನವಾಗಿ ಉಸಿರು ಒಳಗೆಳೆದು ಚೆಂಡು ಮೇಲೆ ನಿಲ್ಲಿಸಬೇಕು. ಎಚ್ಚರ ಇರುವಾಗ ಗಂಟೆಗೆ ಹತ್ತು ಸಲ. ಕೆಮ್ಮುವಾಗ ಹೊಲಿಗೆ ಮೇಲೆ ದಿಂಬು ಒತ್ತಿ ಹಿಡಿದರೆ ನೋವು ಕಡಿಮೆ.

ಹಂತ 9: ಲಕ್ವಾ ರೋಗಿ ಮನೆಗೆ ಬಂದ ಮೇಲೆ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಅತಿ ಹೆಚ್ಚು ಹಾನಿ ಆಗುವುದು ಇಲ್ಲೇ, ಅದೂ ಪ್ರೀತಿಯಿಂದ. ಬಿದ್ದ ಕೈಯನ್ನು ಹಿಡಿದು ಎಳೆದು ಏಳಿಸುತ್ತಾರೆ. ಆ ಭುಜವನ್ನು ಹಿಡಿದಿಡುವ ಸ್ನಾಯುಗಳಲ್ಲಿ ಬಲ ಇಲ್ಲ, ಹಾಗಾಗಿ ಕೀಲು ಜಾರಿ ಕೆಳಗಿಳಿಯುತ್ತದೆ. ಆಮೇಲೆ ತಿಂಗಳುಗಟ್ಟಲೆ ಭುಜನೋವು. ಕಂಕುಳಿಗೆ ಕೈ ಹಾಕಿ ಎತ್ತುವುದೂ ಬೇಡ.

ಏಳಿಸುವ ಸರಿಯಾದ ಕ್ರಮ ಹೀಗೆ. ಮೊದಲು ಮೊಳಕಾಲು ಮಡಚಿಸಿ ಪಕ್ಕಕ್ಕೆ ಹೊರಳಿಸಿ. ಕಾಲುಗಳನ್ನು ಮಂಚದಿಂದ ಕೆಳಗೆ ಇಳಿಬಿಡಿಸಿ. ಒಂದು ಕೈ ಬೆನ್ನಿನ ಮೇಲ್ಭಾಗದಲ್ಲಿ, ಇನ್ನೊಂದು ಸೊಂಟದ ಬಳಿ ಇಟ್ಟು, ರೋಗಿ ಒಳ್ಳೆಯ ಕೈಯಿಂದ ಹಾಸಿಗೆ ಒತ್ತುವಾಗ ನೀವು ಆಸರೆ ಕೊಡಿ. ಕೂತ ಮೇಲೆ ಒಂದು ನಿಮಿಷ ಹಾಗೇ ಬಿಡಿ, ತಲೆ ತಿರುಗುತ್ತದಾ ನೋಡಿ. ಎರಡೂ ಪಾದ ನೆಲಕ್ಕೆ ತಾಗಿರಬೇಕು. ಕುರ್ಚಿಗೆ ದಾಟಿಸುವಾಗ ಕುರ್ಚಿಯನ್ನು ಒಳ್ಳೆಯ ಬದಿಯಲ್ಲಿ ಇಡಿ. ಡಿಸ್ಚಾರ್ಜ್ ದಿನ ಥೆರಪಿಸ್ಟ್ ಎದುರು ಇದನ್ನು ನೀವೇ ಒಮ್ಮೆ ಮಾಡಿ ತೋರಿಸಿ.

ಮಲಗಿದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ರಾತ್ರಿಯೂ ಸಹ. ಬಿದ್ದ ಕೈ ಯಾವಾಗಲೂ ದಿಂಬಿನ ಮೇಲೆ ಇರಲಿ, ಮೈಯ ಕೆಳಗೆ ಸಿಕ್ಕಿಕೊಳ್ಳದಿರಲಿ. ಬಾಲ್ ಕೊಟ್ಟು ಒತ್ತಿಸುವುದು ಎಲ್ಲ ಮನೆಯಲ್ಲೂ ಕಾಣುತ್ತದೆ. ಬೆರಳು ಬಿಗಿಯಾಗಿ ಮುದುಡುತ್ತಿರುವವರಿಗೆ ಅದರಿಂದ ಬಿಗಿತ ಹೆಚ್ಚಬಹುದು, ಕೇಳದೆ ಶುರುಮಾಡಬೇಡಿ. ಮಲಗಿಸಿಕೊಂಡೇ ಗಂಜಿ ಕುಡಿಸಬೇಡಿ. ನೆಟ್ಟಗೆ ಕೂರಿಸಿ ಕೊಡಿ, ಕೆಮ್ಮು ಬಂದರೆ ನಿಲ್ಲಿಸಿ. ಆಹಾರ ಶ್ವಾಸಕ್ಕೆ ಹೋದರೆ ನ್ಯುಮೋನಿಯಾ ಆಗುತ್ತದೆ. ಮಾಲೀಷು ಮೆಲ್ಲಗೆ ಮಾಡಿದರೆ ಕೆಡುಕಿಲ್ಲ, ಆದರೆ ಕೈಕಾಲಿಗೆ ಶಕ್ತಿ ಬರುವುದು ರೋಗಿಯೇ ಕೆಲಸ ಮಾಡಿದಾಗ. ಬಟ್ಟಲು ಎತ್ತುವುದು, ಗುಂಡಿ ಹಾಕುವುದು, ನಿಂತು ಕೂರುವುದು, ಇವನ್ನೇ ಮತ್ತೆ ಮತ್ತೆ ಮಾಡಿಸಬೇಕು. ಎಲ್ಲವನ್ನೂ ನೀವೇ ಮಾಡಿಕೊಟ್ಟರೆ ಆ ಕೈ ಕಲಿಯುವುದು ಯಾವಾಗ? ಬಿಪಿ, ಶುಗರ್ ಮಾತ್ರೆ ಒಂದು ದಿನವೂ ತಪ್ಪಬಾರದು, ಎರಡನೇ ಹೊಡೆತ ಮೊದಲಿನದಕ್ಕಿಂತ ಕೆಟ್ಟದ್ದಿರಬಹುದು.

ಮಕ್ಕಳ ವಿಷಯಕ್ಕೆ ಪ್ರತ್ಯೇಕ ದಾರಿ ಇದೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಕೇಂದ್ರಗಳಿವೆ, ಡಿಇಐಸಿ ಎನ್ನುತ್ತಾರೆ. ನಾಲ್ಕೈದು ತಿಂಗಳಾದರೂ ಕುತ್ತಿಗೆ ನಿಲ್ಲದಿದ್ದರೆ "ಮನೆತನದಲ್ಲೇ ತಡ" ಎಂದು ಕಾಯಬೇಡಿ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾರೆ.

ಹಂತ 10: ಗುಣ ಕಾಣದಿದ್ದರೆ, ಮುಗಿಸುವ ಹೊತ್ತು ಬಂದರೆ

ಎರಡು ಮೂರು ವಾರಕ್ಕೊಮ್ಮೆ ಮೊದಲ ದಿನದ ಅಳತೆಗಳನ್ನು ಮತ್ತೆ ತೆಗೆಸಿ. ಮನೆಯಲ್ಲಿ ಹೇಳಿದಂತೆ ಮಾಡಿಯೂ ನೋವಿನ ಅಂಕ, ಕೋನ, ಬಲ ಯಾವುದೂ ಅಲುಗದಿದ್ದರೆ ಚಿಕಿತ್ಸೆ ಬದಲಾಗಬೇಕು, ಇಲ್ಲವೇ ಡಾಕ್ಟರು ಮತ್ತೆ ನೋಡಬೇಕು. ವ್ಯಾಯಾಮ ಮಾಡಿಲ್ಲ ಎಂದರೆ ಮಾಡಿಲ್ಲ ಎಂದೇ ಹೇಳಿ. ಸುಳ್ಳು ಹೇಳಿದರೆ ಅವರು ತಪ್ಪು ತೀರ್ಮಾನಕ್ಕೆ ಬರುತ್ತಾರೆ, ನಿಮಗೆ ಬೇಡದ ಸ್ಕ್ಯಾನಿಂಗ್ ಬೀಳುತ್ತದೆ. ಬರಲು ಆಗದ ದಿನ ಇದ್ದರೆ ಮುಂಚೆ ತಿಳಿಸಿ, ಆ ಸರದಿ ಇನ್ನೊಬ್ಬರಿಗೆ ಸಿಗುತ್ತದೆ.

ಸೇವೆಯಲ್ಲಿ ತೊಂದರೆ ಇದ್ದರೆ ಮೊದಲು ವಿಭಾಗದ ಮುಖ್ಯಸ್ಥರಿಗೆ, ಆಮೇಲೆ ವೈದ್ಯಕೀಯ ಅಧೀಕ್ಷಕರಿಗೆ ಲಿಖಿತವಾಗಿ ಕೊಡಿ. ಸರ್ಕಾರದ ಆರೋಗ್ಯ ಸಹಾಯವಾಣಿ 104.

ಚಿಕಿತ್ಸೆ ಮುಗಿದ ಮೇಲೂ ಕೈಕಾಲಿನ ಊನ ಉಳಿದರೆ ಅಂಗವಿಕಲರ ಗುರುತಿನ ಕಾರ್ಡ್, ಅಂದರೆ ಯುಡಿಐಡಿಗೆ ಅರ್ಜಿ ಹಾಕಬಹುದು. ಅರ್ಜಿ ಆನ್‌ಲೈನ್‌ನಲ್ಲಿ, ತಪಾಸಣೆ ಆಸ್ಪತ್ರೆಯಲ್ಲಿ. 2016ರ ಕಾಯ್ದೆಯ ಪ್ರಕಾರ ಬಹುತೇಕ ಸೌಲಭ್ಯಗಳಿಗೆ ಶೇ. 40 ಅಥವಾ ಹೆಚ್ಚು ಊನ ಇರಬೇಕು. ಇದಕ್ಕೆ ಫಿಸಿಯೊ ವಿಭಾಗದ ದಾಖಲೆ ಕೇಳಬಹುದು, ಹಾಗಾಗಿ ಹಾಳೆಗಳನ್ನು ಬಿಸಾಡಬೇಡಿ. ಪ್ರತಿ ಹಾಳೆಯ ಫೋಟೊ ತೆಗೆದು ಮನೆಯ ಇಬ್ಬರ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಕೊನೆಯ ಭೇಟಿಯಲ್ಲಿ ಯಾವ ವ್ಯಾಯಾಮ ಮುಂದುವರಿಸಬೇಕು, ಯಾವುದನ್ನು ಬಿಡಬಹುದು, ಏನಾದರೆ ಮತ್ತೆ ಬರಬೇಕು ಎಂಬುದನ್ನು ಕನ್ನಡದಲ್ಲೇ ಬರೆದುಕೊಡಿ ಎಂದು ಕೇಳಿ.